ಅರ್ಧ ಬಟ್ಟಲಿನ ಗ್ರಂಥಾಲಯ

ನರೀನ್ ಪಟ್ಟಣದ ಆ ವಿಶ್ವವಿದ್ಯಾಲಯದಲ್ಲಿ ಕುಲಪತಿ ಒಮುರ್ಬೆಕ್ ಅವರಿಗೆ ಹೊಸ ಆಲೋಚನೆ ಬಂತೆಂದರೆ ಯಾರದೋ ಅನ್ನಕ್ಕೆ ಕಲ್ಲು ಬಿತ್ತೆಂದೇ ತಿಳಿಯಬೇಕು. ಆ ವರ್ಷ ಅವರಿಗೆ ಬಂದ ಆಲೋಚನೆ ಗ್ರಂಥಾಲಯದ್ದು. ಜಗತ್ತೆಲ್ಲ ಫೋನಿನೊಳಗೆ ಬಂದು ಕೂತಿರುವಾಗ ಪುಸ್ತಕ ಕಾಯಲು ಮೂವರು ಹೆಂಗಸರು ಯಾಕೆ? ಆದರೆ ಅವರು ಮೃದು ಸ್ವಭಾವದ ಮನುಷ್ಯ. ಕತ್ತು ಕೊಯ್ಯುವ ಮೊದಲು ಸನ್ಮಾನ ಮಾಡುವವರು. ಹಾಗಾಗಿ 'ನಿಮ್ಮ ಗ್ರಂಥಾಲಯವನ್ನು ಅರಿಯಿರಿ' ಎಂಬ ಸಮಾರಂಭಕ್ಕೆ ಅಪ್ಪಣೆ ಕೊಟ್ಟರು. ಸಿಬ್ಬಂದಿ ತಮ್ಮ ಪರಿಚಯ ಹೇಳಿಕೊಳ್ಳಬೇಕು, ಉಪಯುಕ್ತ ಜಾಲತಾಣಗಳನ್ನು ವಿದ್ಯಾರ್ಥಿಗಳಿಗೆ ತಿಳಿಸಬೇಕು. ಆಮೇಲೂ ಓದುವ ಕೋಣೆಗೆ ಜನ ಬಂದರೆ ಸರಿ. ಬಾರದಿದ್ದರೆ ಚಳಿಗಾಲದಿಂದ ಆ ಕೋಣೆ ಕುಸ್ತಿ ತಂಡಕ್ಕೆ, ಮತ್ತು ಕೊನೆಗೆ ಸೇರಿದವಳು ಮೊದಲು ಮನೆಗೆ.

ಕೊನೆಗೆ ಸೇರಿದವಳು ಮೇರಿಮ್. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಗಂಡ ರಷ್ಯಾದಲ್ಲಿ ಕಟ್ಟಡದ ಕೆಲಸಕ್ಕೆ ಹೋದವನು ಅಲ್ಲಿಂದ ಸಮಾಧಾನದ ಮಾತುಗಳನ್ನು ಮಾತ್ರ ಕಳಿಸುತ್ತಿದ್ದ. ಮನೆ ನಡೆಯುತ್ತಿದ್ದುದು ಈ ಕೆಲಸದಿಂದಲೇ. ಪಾಪ, ಅವಳು ಬೇಸಿಗೆಯೆಲ್ಲ ಕೂತು ಒಳ್ಳೊಳ್ಳೆಯ ತಾಣಗಳನ್ನು ಹುಡುಕಿ ಒಂದು ಪುಟದಲ್ಲಿ ಸೇರಿಸಿದಳು: ಪುಕ್ಕಟೆ ಓದಬಹುದಾದ ಸಂಶೋಧನಾ ಪತ್ರಿಕೆಗಳು, ಹಳೆಯ ಪ್ರಬಂಧಗಳು, ಹೊರದೇಶದಲ್ಲಿ ಓದಲು ವಿದ್ಯಾರ್ಥಿವೇತನ ಕೊಡುವವರ ವಿಳಾಸಗಳು. ಕುಲಪತಿಗಳು ಅದನ್ನು ನೋಡಿ ಮೆಚ್ಚಿ, ಮೇಲ್ಗಡೆ ಎರಡು ತಾಣ ಸೇರಿಸಿದರು. ಒಂದರಲ್ಲಿ ಅವರೇ ಕುದುರೆ ಮೇಲೆ ಕೂತ ಚಿತ್ರಗಳಿದ್ದವು. ಇನ್ನೊಂದು ಅವರ ಬಾಮೈದ ಕುದುರೆ ಮಾರುವ ತಾಣ.

"ಅಣ್ಣ, ಇವನ್ನ ಕೆಳಗಡೆ ಹಾಕ್ಲಾ?" ಎಂದು ಮೇರಿಮ್ ಕೇಳಿದಳು.

"ಹಿರಿಯರನ್ನ ಯಾರಾದ್ರೂ ಬಾಗಿಲ ಹತ್ರ ಕೂರಿಸ್ತಾರೇನಮ್ಮ?" ಎಂದರು ಅವರು.

ಸಮಾರಂಭದ ದಿನ ಪರಿಚಯ ಹಿರಿಯರಿಂದ ಶುರುವಾಯಿತು. ಗ್ರಂಥಾಲಯದ ಮುಖ್ಯಸ್ಥೆ ಉರ್ಕುಯಾ ಎದ್ದು ತನ್ನ ಏಳು ತಲೆಮಾರಿನ ಹೆಸರು ಹೇಳಿದಳು. ಪರಿಚಯ ಅಂದಮೇಲೆ ಅಷ್ಟಾದರೂ ಹೇಳದಿದ್ದರೆ ಮರ್ಯಾದೆಯೇ? ಮುಂದಿನ ಸಾಲಿನ ಹುಡುಗನೊಬ್ಬ ತಾನೂ ಅದೇ ಬಳಿಯ, ಅದೇ ಕುಲದವನೆಂದ. "ಹಾಗಾದ್ರೆ ನೀನು ನನಗೆ ಅಳಿಯ ಆಗ್ಬೇಕು ಕಣೋ, ಎರಡು ವರ್ಷದಿಂದ ಪುಸ್ತಕ ವಾಪಸ್ ಕೊಟ್ಟಿಲ್ವಲ್ಲ, ನೀನೇನಾ?" ಎಂದು ಅವಳು ಅವನನ್ನು ಅಪ್ಪಿಕೊಂಡಳು. ಪುಸ್ತಕದ ಮಾತು ಅಲ್ಲಿಗೇ ಮುಗಿಯಿತು. ಎರಡನೆಯವಳು ತುರ್ಸುನಾಯ್, ತನ್ನ ತವರಿನ ಕಡೆಯದನ್ನೂ ಸೇರಿಸಿ ಹೇಳಿದಳು. ಅರ್ಧ ಸಭೆ ಇನ್ನರ್ಧ ಸಭೆಗೆ ನೆಂಟರೆಂದು ತೀರ್ಮಾನವಾಗುವ ಹೊತ್ತಿಗೆ ತಟ್ಟೆಯಲ್ಲಿ ಕರಿದ ಹಿಟ್ಟಿನ ತುಂಡುಗಳೂ ಖಾಲಿಯಾಗಿದ್ದವು.

ಮೇರಿಮಳ ಪಾಲಿಗೆ ಉಳಿದದ್ದು ಗಂಟೆ ಹೊಡೆಯುವ ಮೊದಲಿನ ಒಂದಿಷ್ಟು ಹೊತ್ತು. ಅವಳು ಪರದೆಯ ಮೇಲೆ ಚೌಕದ ಗುರುತು ಹಾಕಿ, "ಇದನ್ನ ಫೋನಲ್ಲಿ ಹಿಡ್ಕೊಂಡ್ರೆ ಎಲ್ಲಾ ತಾಣಾನೂ ಒಂದೇ ಕಡೆ ಸಿಗುತ್ತೆ" ಎಂದಳು. ಎಲ್ಲರೂ ಫೋನ್ ಎತ್ತಿದರು, ಹಿಡಿದುಕೊಂಡರು, ಎದ್ದು ಹೋದರು.

ಮತ್ತೆ ಯಾರೂ ಬರಲಿಲ್ಲ. ನೊಣ ಹೊಡೆದುಕೊಂಡಾದರೂ ಕೂರೋಣವೆಂದರೆ ನರೀನಿನ ಚಳಿಗೆ ನೊಣಗಳೂ ಇರಲಿಲ್ಲ. ಹಾಗೆಂದು ಹುಡುಗರು ಆ ತಾಣಗಳನ್ನು ಓದಿ ಪಂಡಿತರಾಗುತ್ತಿದ್ದರೆಂದಲ್ಲ. ಬಾಮೈದನ ಕುದುರೆಗಳ ಹೊರತು ಬೇರೇನನ್ನೂ ಅವರು ತೆರೆದು ನೋಡಿರಲಿಲ್ಲ. ಕೈಗೆ ಬಂದದ್ದು ತಲೆಗೂ ಬಂದಂತೆ ಎಂದು ನೆಮ್ಮದಿಯಾಗಿದ್ದರು. ಒಂದು ದಿನ ಕುಸ್ತಿಯ ಗುರು ಬಂದು, ಯಾರನ್ನೂ ಮಾತಾಡಿಸದೆ ಕೋಣೆಯ ಉದ್ದಗಲ ಅಳೆದುಕೊಂಡು ಹೋದ.

ಅವತ್ತು ಮಧ್ಯಾಹ್ನ ಕಿರಿಯವಳಾದ ಮೇರಿಮ್ ಹಿರಿಯರಿಬ್ಬರಿಗೆ ಎಂದಿನಂತೆ ಚಹಾ ಬಗ್ಗಿಸುತ್ತಿದ್ದಳು. ಕಣ್ಣು ಮಾತ್ರ ಕುಸ್ತಿಯ ಗುರು ಅಳೆದು ಹೋದ ಗೋಡೆಗಳ ಮೇಲಿತ್ತು. ಉರ್ಕುಯಾ ಅದನ್ನು ನೋಡಿದಳು.

"ಲೇ ಮೇರಿಮ್, ನಿಮ್ಮತ್ತೆ ಮನೇಲಿ ನೆಂಟರಿಗೆ ಬಟ್ಟಲು ತುಂಬಾ ಚಹಾ ಹಾಕ್ತೀಯೇನೆ?"

"ಅಯ್ಯೋ ಬಿಡ್ತು ಅನ್ನಿ ಅಕ್ಕ! ತುಂಬಿ ಹಾಕಿದ್ರೆ ಕುಡಿದು ಎದ್ದು ಹೋಗು ಅಂದ ಹಾಗೆ. ಅತ್ತೆ ನನ್ನನ್ನೇ ಎದ್ದು ಹೋಗು ಅಂತಾರೆ."

"ಎಷ್ಟು ಹಾಕ್ತೀಯ?"

"ಅರ್ಧ. ಖಾಲಿಯಾದ್ರೆ ಮತ್ತೆ ಅರ್ಧ. ಅಷ್ಟು ಹೊತ್ತು ಕೂತಿರಲಿ ಅಂತ."

"ಮತ್ತೆ ಆ ಮಕ್ಕಳಿಗ್ಯಾಕೆ ಒಂದೇ ಸಲಕ್ಕೆ ತುಂಬಿ ಹಾಕ್ದೆ? ಹೊಳೆ ದಾಟಿಸಿಬಿಟ್ಟೆ, ಇನ್ನು ಅಂಬಿಗನ ಗೊಡವೆ ಅವರಿಗ್ಯಾಕೆ?"

ತುರ್ಸುನಾಯ್ ಹೌದೆಂಬಂತೆ ತಲೆಯಾಡಿಸಿ ಬಟ್ಟಲು ಮುಂದೆ ಚಾಚಿದಳು.

ಮಾರನೆಯ ದಿನವೇ ಮೇರಿಮ್ ತನ್ನ ಪುಟವನ್ನು ಮುಚ್ಚಿದಳು. ಪ್ರಬಂಧ ಒಪ್ಪಿಸುವ ಕಾಲ ಹತ್ತಿರವಾಗಿ, ಹುಡುಗರು ಫೋನಿನ ಚೌಕ ಒತ್ತಿ ನೋಡಿದರೆ ಅಲ್ಲಿ ಏನೂ ಇರಲಿಲ್ಲ. ಒಬ್ಬೊಬ್ಬರೇ ಬಂದರು. ಬಂದವರನ್ನು ಕೂರಿಸಿ, ಯಾರ ಮನೆಯವರು, ಯಾವ ಬಳಿ ಎಂದು ಕೇಳಿ, ಚಹಾ ಕೊಟ್ಟು, ಒಂದು ತಾಣದ ವಿಳಾಸ ಹೇಳುವರು. "ಮಿಕ್ಕಿದ್ದು ಬರೋ ವಾರ ಬಾ ಮಗ, ಅವಸರ ಮಾಡಬೇಡ" ಎನ್ನುವಳು ಉರ್ಕುಯಾ. ಅವಸರವೆಲ್ಲ ಪ್ರಬಂಧದ್ದು, ಅದನ್ನು ಕೇಳುವವರು ಯಾರು? ಬರಿಗೈಲಿ ಬರುವುದು ಚೆನ್ನಾಗಿರದೆಂದು ಕೆಲವರು ರೊಟ್ಟಿ ತಂದರು, ಕೆಲವರು ಮಿಠಾಯಿ. ಇವರು ಕೇಳಲಿಲ್ಲ, ಬೇಡವೆನ್ನಲೂ ಇಲ್ಲ. ಓದುವ ಕೋಣೆಯಲ್ಲಿ ಕುರ್ಚಿ ಸಾಲದಾಯಿತು. ಕುಸ್ತಿಯ ಗುರು ಅಳತೆ ಪಟ್ಟಿಯನ್ನು ಊಟದ ಕೋಣೆಯ ಕಡೆಗೆ ತೆಗೆದುಕೊಂಡು ಹೋದ. ಕುಲಪತಿಗಳಂತೂ ಇದು ತಾವೇ ಕಂಡುಹಿಡಿದ ಹೊಸ ಪದ್ಧತಿಯೆಂದು ರಾಜಧಾನಿ ಬಿಷ್ಕೆಕ್‌ನ ಅಧಿಕಾರಿಗಳನ್ನು ನೋಡಲು ಕರೆದರು.

ಮೊದಮೊದಲು ಮೇರಿಮಳಿಗೆ ಇರುಸುಮುರುಸಾಗುತ್ತಿತ್ತು. ಆಮೇಲೆ ರೂಢಿಯಾಯಿತು. ಹೊಟ್ಟೆಪಾಡಿಗೆ ಮಾಡುವ ಕೆಲಸ ಬೇಗ ರೂಢಿಯಾಗುತ್ತದೆ.

ಅಧಿಕಾರಿಗಳು ಬಂದ ದಿನ ಕೋಣೆ ಮದುವೆ ಮನೆಯಂತೆ ಗಿಜಿಗುಡುತ್ತಿತ್ತು. ಆ ಗದ್ದಲದಲ್ಲೇ ಅಟ್-ಬಾಶಿಯ ಆಚೆಯ ಹಳ್ಳಿಯಿಂದ ಸಾಲ್ತನಾತ್ ಎಂಬ ಹುಡುಗಿ ಬಂದಳು. ಕುರಿ ಕಾಯುವವರ ಮನೆಯ ಮಗಳು. ಊರಿನಲ್ಲೇ ಇದ್ದು ಅಂಚೆ ಮೂಲಕ ಓದುವವಳು, ಪರೀಕ್ಷೆಗೆಂದು ಆಗೀಗ ವ್ಯಾನ್ ಹತ್ತಿ ಬರುವವಳು. ಹೊರದೇಶದಲ್ಲಿ ಪಶುವೈದ್ಯ ಓದಬೇಕೆಂದು ಅವಳ ಆಸೆ. ಹೋದ ಸಲ ಬಂದಾಗ ಮೇರಿಮ್ ಅವಳಿಗೆ ವಿದ್ಯಾರ್ಥಿವೇತನದ ವಿಷಯ ಹೇಳಿ, ಏನೇನು ಸಿದ್ಧ ಮಾಡಿಕೊಳ್ಳಬೇಕೆಂಬ ತಾಣ ಕೊಟ್ಟಿದ್ದಳು. ಅರ್ಜಿ ಹಾಕುವ ತಾಣವನ್ನು ಮಾತ್ರ ಮುಂದಿನ ವಾರಕ್ಕೆ ಉಳಿಸಿಕೊಂಡಿದ್ದಳು. ಮುಂದಿನ ವಾರ ಹಿಮ ಬಿದ್ದು ದಾರಿ ಮುಚ್ಚಿತ್ತು, ತೆರೆದದ್ದು ಈಗಷ್ಟೇ.

ಸಾಲ್ತನಾತ್ ಮೇಜಿನ ಮೇಲೆ ಒಂದು ಗಂಟು ಇಟ್ಟಳು. ಕುರಿಯ ಹೊಟ್ಟೆಚೀಲದಲ್ಲಿ ತುಂಬಿ ಕಟ್ಟಿದ ಬೆಣ್ಣೆ. ಒಂದು ಮನೆಯವರಿಗೆ ಚಳಿಗಾಲವೆಲ್ಲ ಆಗುವಷ್ಟಿತ್ತು.

"ಇದೇನಮ್ಮ?"

"ಅಕ್ಕ, ಹೋದ ಸಲ ಬರಿಗೈಲಿ ಬಂದ್ಬಿಟ್ಟಿದ್ದೆ. ಅದಕ್ಕೇ ನೀವು ಅರ್ಧ ಹೇಳಿದ್ರಿ ಅಂತ ನನಗೆ ಹೊಳೀಲೇ ಇಲ್ಲ. ಅಮ್ಮ ಚೆನ್ನಾಗಿ ಬೈದ್ಲು. ತಪ್ಪು ತಿಳ್ಕೋಬೇಡಿ. ಈಗ ಮಿಕ್ಕಿದ್ದು ಹೇಳ್ತೀರಾ?"

ಮೇರಿಮ್ ಬೆಣ್ಣೆಯ ಗಂಟನ್ನು ಪಕ್ಕಕ್ಕೆ ಸರಿಸಿದಳು. ಅವಸರದಿಂದ ಆ ತಾಣ ತೆರೆದಳು. ಅರ್ಜಿಯ ಗಡುವು ಮುಗಿದು ಹೋಗಿತ್ತು. ಹುಡುಗಿಗೆ ಅದನ್ನು ತೋರಿಸಿದಾಗ ಅವಳು ತಲೆವಸ್ತ್ರದ ಅಂಚನ್ನು ಸರಿಮಾಡಿಕೊಂಡಳು. ಮೇರಿಮಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಎದ್ದು ಹೋಗಿ, ಕುಲಪತಿಗಳೂ ಅಧಿಕಾರಿಗಳೂ ನೋಡುತ್ತಿರುವಂತೆಯೇ, ಗೋಡೆಯ ಬೋರ್ಡಿನ ಮೇಲೆ ತನಗೆ ಗೊತ್ತಿದ್ದ ತಾಣಗಳನ್ನೆಲ್ಲ ದಪ್ಪ ಅಕ್ಷರಗಳಲ್ಲಿ ಬರೆಯತೊಡಗಿದಳು.

"ಏನಮ್ಮ ಇದು?" ಎಂದರು ಒಮುರ್ಬೆಕ್.

"ಇಷ್ಟೇ ಅಣ್ಣ, ನಮ್ಮ ಹತ್ರ ಇರೋದು. ಎಲ್ಲಾ ಬರ್ಕೊಂಡು ಹೋಗ್ಲಿ. ಯಾರೂ ವಾರ ವಾರ ಬರೋದು ಬೇಡ."

ಹುಡುಗರು ಫೋನ್ ಎತ್ತಿದರು. ಅಧಿಕಾರಿಗಳೂ ಎತ್ತಿದರು, ಅವರ ಮನೆಯಲ್ಲೂ ಓದುವ ಮಕ್ಕಳಿದ್ದರಲ್ಲ. ಬರೆದು ಮುಗಿಸುವಷ್ಟರಲ್ಲಿ ಕೋಣೆ ಖಾಲಿ.

"ಕೈಯಾರೆ ಕೆಲಸ ಕಳ್ಕೊಂಡ್ಯಲ್ಲೇ ಹುಚ್ಚಿ" ಎಂದಳು ಉರ್ಕುಯಾ. ಮೇರಿಮ್ ಬೆಣ್ಣೆಯನ್ನು ವಾಪಸು ಕೊಡಲು ಹೋದರೆ ಸಾಲ್ತನಾತ್ ಮುಟ್ಟಲಿಲ್ಲ. "ಕೊಟ್ಟಿದ್ದನ್ನ ಹಿಂದಕ್ಕೆ ಇಸ್ಕೊಳ್ಳೋದು ನಮ್ಮ ಮನೇಲಿಲ್ಲ ಅಕ್ಕ" ಎಂದು ವ್ಯಾನ್ ಹಿಡಿಯಲು ಓಡಿದಳು.

ಮಾರನೆಯ ದಿನ ಮೇರಿಮ್ ತನ್ನ ಬಟ್ಟಲು, ಚಪ್ಪಲಿ ಕಟ್ಟಿಕೊಂಡು ಬರಲೆಂದು ಹೋದರೆ ಬಾಗಿಲಲ್ಲಿ ಜನ ಸಾಲು ನಿಂತಿದ್ದರು. ಎಲ್ಲರ ಕೈಯಲ್ಲೂ ಒಂದೊಂದು ಪೊಟ್ಟಣ.

"ಅಕ್ಕ, ಬೋರ್ಡ್ ಮೇಲೆ ಬರೆದಿದ್ದು ಎಲ್ಲರಿಗೂ ಸಿಕ್ತು," ಎಂದು ಮುಂದೆ ನಿಂತಿದ್ದ ಹುಡುಗ ಗುಟ್ಟಾಗಿ ಹೇಳಿದ. "ಒಳ್ಳೇ ತಾಣಗಳನ್ನ ಒಳಗೆ ಇಟ್ಕೊಂಡಿರ್ತೀರಲ್ಲ, ಅದರಲ್ಲೊಂದು ಹೇಳಿ."

"ಇಲ್ಲಪ್ಪ. ಇದ್ದಿದ್ದೇ ಅಷ್ಟು."

"ಗೊತ್ತು ಬಿಡಿ ಅಕ್ಕ," ಎಂದು ಅವನು ನಗುತ್ತ ಕೂತುಬಿಟ್ಟ. "ಬರೋ ವಾರಾನೂ ಬರ್ತೀನಿ."

ಕೋಣೆ ಹಿಂದೆಂದಿಗಿಂತ ಹೆಚ್ಚಾಗಿ ತುಂಬಿತು. ಕುಲಪತಿಗಳು ಮೇರಿಮಳ ಕೆಲಸ ಕಾಯಂ ಮಾಡಿದರು; ಬೋರ್ಡಿನ ಉಪಾಯವೂ ಅವರದೇ ಎಂದು ಬಿಷ್ಕೆಕ್‌ಗೆ ವರದಿ ಹೋಯಿತು. ಅವಳು ದಿನಕ್ಕೆ ನೂರು ಸಲ "ಇನ್ನೇನೂ ಇಲ್ಲ" ಎನ್ನುವಳು, ಒಬ್ಬರೂ ನಂಬರು.

ಹಿಮ ಕರಗಿದ ಮೇಲೆ ಸಾಲ್ತನಾತ್ ಬಂದಳು. ಈ ಸಲ ಅವಳ ಜೊತೆ ಕೊರಳಿಗೆ ಹಗ್ಗ ಕಟ್ಟಿದ ಒಂದು ಕುರಿಮರಿ ಇತ್ತು. ಬಾಗಿಲ ಹೊರಗೇ ನಿಂತು, ತಗ್ಗಿದ ದನಿಯಲ್ಲಿ ಕೇಳಿದಳು:

"ಅಕ್ಕ, ಇದಕ್ಕಾದ್ರೂ ಪೂರ್ತಿ ಹೇಳ್ತೀರಾ?"