ಟೇಕ್ ಓವರ್ ಪಾಠ

ಗಂಟಲು ಕಟ್ಟಿಕೊಂಡಿತ್ತು, ನಿಜ. ಮಾತಾಡಬೇಡಿ ಎಂದು ಡಾಕ್ಟರು ತಾಕೀತು ಮಾಡಿದ್ದರು, ಅದೂ ನಿಜ. ಹಾಗಂತ ಟೀಚರ್ ತಮ್ಮ ಸಂಜೆಯ ಇಂಗ್ಲಿಷ್ ತರಗತಿಯನ್ನು ಯಾರಿಗೂ ಬರೆದುಕೊಟ್ಟಿರಲಿಲ್ಲ. ದನಿ ಸರಿಹೋದ ಮೇಲೆ ಹಾರ್ಡ್‌ವೇರ್ ಅಂಗಡಿಯ ಮೇಲಿನ ತಮ್ಮ ಕೋಣೆಗೆ ಹೊರಟರೆ, ಮೆಟ್ಟಿಲ ಬಳಿಯೇ ಮೈದುನ ಅಡ್ಡ ನಿಂತ. ಫೀಸು, ಲೆಕ್ಕಪತ್ರದ ಆಫೀಸು ಕೆಲಸ ಅವನದು, ಪಾಠ ಅವರದು ಎಂಬುದು ಮೊದಲಿನಿಂದಲೂ ಇದ್ದ ಮಾತು.

"ಅತ್ತಿಗೆ, ನೀವು ಆರಾಮಾಗಿ ಮನೇಲಿರಿ. ಅವನು ಚೆನ್ನಾಗೇ ನಡೆಸ್ಕೊಂಡು ಹೋಗ್ತಿದ್ದಾನೆ."

ಅವನು ಅಂದರೆ ಮೈದುನನ ಹೆಂಡತಿಯ ತಮ್ಮ. ಎಲ್ಲೂ ಕಾಲೂರದೆ ಅಕ್ಕನ ಮನೆಯಲ್ಲಿ ಠಿಕಾಣಿ ಹೂಡಿದ್ದ ಆಸಾಮಿ. ನಾಲ್ಕು ದಿನದ ಮಟ್ಟಿಗೆ ಎಂದು ಮೈದುನ ಪಾಠಕ್ಕೆ ಕೂರಿಸಿದ್ದವನು ಈಗ ಹೊಸ ಮೇಷ್ಟ್ರು! ಟೀಚರ್‌ಗೆ ಮೈಯೆಲ್ಲ ಉರಿದುಹೋಯಿತು.

"ಆರಾಮಂತೆ! ನಾನೇನು ಮೂಲೆ ಸೇರಿದ್ದೀನಾ? ದಾರಿ ಬಿಡು."

ಮೆಟ್ಟಿಲು ಹತ್ತಿ ಕೋಣೆಗೆ ಕಾಲಿಟ್ಟರೆ, ಬೋರ್ಡಿನ ಮೇಲೆ ದೊಡ್ಡದಾಗಿ 'ಟೇಕ್ ಓವರ್' ಎಂದು ಬರೆದಿತ್ತು. ಬೇರೆ ಪಾಠವೇ ಸಿಗಲಿಲ್ಲವೇನೋ ಮಹಾಶಯನಿಗೆ! ಟೀಚರ್ ಹಿಂದಿನ ಬೆಂಚಿನಲ್ಲಿ ಕುಳಿತರು. ಮೇಷ್ಟ್ರು ಅವರನ್ನು ಕಂಡು ತಡವರಿಸಿ, ಪುಸ್ತಕದಲ್ಲೇ ಮುಖ ಹುದುಗಿಸಿ ಓದಿದ.

"ಮಗನು ರಾಜ್ಯವನ್ನು ಟೇಕ್ ಓವರ್ ಮಾಡಿದನು. ದೊಡ್ಡ ಕಂಪನಿ ಸಣ್ಣ ಕಂಪನಿಯನ್ನು ಟೇಕ್ ಓವರ್ ಮಾಡಿತು. ಬರ್ಕೊಳ್ಳಿ."

ಎಲ್ಲರೂ ತಲೆ ತಗ್ಗಿಸಿ ಬರೆದುಕೊಂಡರು. ಟೀಚರ್‌ಗೆ ತಡೆಯಲಾಗಲಿಲ್ಲ. ಅವರ ತರಗತಿಯಲ್ಲಿ ಪುಸ್ತಕದ ವಾಕ್ಯ ಹೇಳುವಂತಿರಲಿಲ್ಲ. ತನಗೆ ನಡೆದದ್ದನ್ನೇ, ನಿಜವನ್ನೇ ಹೇಳಬೇಕು. ಇಂಗ್ಲಿಷ್ ಹರಕುಮುರುಕಾದರೂ ಚಿಂತೆಯಿಲ್ಲ. ಈ ಪದ್ಧತಿ ಬೇರೂರುವಷ್ಟರಲ್ಲಿ ಅವರ ಅರ್ಧ ಆಯಸ್ಸು ಸವೆದಿತ್ತು. ಈ ಪುಣ್ಯಾತ್ಮ ಅದನ್ನು ಗಾಳಿಗೆ ತೂರಿಬಿಟ್ಟಿದ್ದ.

"ಇಲ್ಲಿ ಯಾರ ಹತ್ರ ರಾಜ್ಯ ಇದೆ?" ಎಂದು ಎದ್ದೇಬಿಟ್ಟರು. "ನಿಮ್ಮ ನಿಮ್ಮ ವಾಕ್ಯ ಹೇಳ್ರಪ್ಪ."

ತನ್ನ ಪಾಳಿ ಟೇಕ್ ಓವರ್ ಮಾಡುವವನು ಬರುವ ತನಕ ತಾನು ಗೇಟು ಬಿಟ್ಟು ಕದಲುವುದಿಲ್ಲ ಎಂದು ವಾಚ್‌ಮನ್ ತನ್ನ ಇಂಗ್ಲಿಷಿನಲ್ಲಿ ಒಪ್ಪಿಸಿದ. ತಮ್ಮ ಹಿತ್ತಲನ್ನು ಕಳೆ ಟೇಕ್ ಓವರ್ ಮಾಡಿದೆ ಎಂದು ಲಿಫ್ಟ್ ಮೆಕ್ಯಾನಿಕ್ ಹೇಳಿದಾಗ ಎಲ್ಲರೂ ನಕ್ಕರು. ಆಮೇಲೆ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಗಸು ಎದ್ದಳು. ಅತ್ತೆ ಕಾಲು ಮುರಿದುಕೊಂಡಾಗ ಅಡುಗೆಮನೆಯನ್ನು ತಾನು ಟೇಕ್ ಓವರ್ ಮಾಡಿದೆ ಎಂದಳು. ಅಷ್ಟಕ್ಕೇ ಕೂರಬಹುದಿತ್ತು, ಕೂರಲಿಲ್ಲ. ಇಂಗ್ಲಿಷ್ ಕೈಕೊಟ್ಟು ಮನೆಮಾತಿಗೆ ಇಳಿದಳು.

"ಈಗ ಅತ್ತೆ ಚೆನ್ನಾಗೇ ಓಡಾಡ್ತಾರೆ. ದಿನಾ ಬಂದು ಅಡುಗೆಮನೆ ಬಾಗಿಲಲ್ಲಿ ನಿಲ್ತಾರೆ. ರೆಸ್ಟ್ ತಗೊಳ್ಳಿ ಅಂತ ವಾಪಸ್ ಕಳಿಸ್ತೀನಿ. ಅವರಿಗೆ ಕಷ್ಟ ಆಗ್ಬಾರ್ದು ಅಂತಲ್ಲ ಟೀಚರ್. ನಂಗೆ ಬಿಟ್ಟುಕೊಡೋಕೆ ಮನಸ್ಸಿಲ್ಲ."

ಟೀಚರ್ ಹಿಂದೆಯೇ ಮೆಟ್ಟಿಲು ಹತ್ತಿ ಬಂದಿದ್ದ ಮೈದುನ ಸುಮ್ಮನೆ ಕೆಮ್ಮಿದ.

ಬಾಗಿಲಲ್ಲಿ ನಿಲ್ಲುವ ಆ ಅತ್ತೆಯನ್ನು ನೆನೆದು ಟೀಚರ್‌ಗೆ ಅಳುವೂ ಬಂತು, ಸಿಟ್ಟೂ ಬಂತು. ಬಾಯಿಗೆ ಮೊದಲು ಬಂದದ್ದು ಸಿಟ್ಟೇ.

"ಮನೆಗೆ ಹೋದವಳೇ ಅವರ ಕೈಗೆ ಸೌಟು ಕೊಡು. ನಾಳೆ ಬಂದು, ಕೊಟ್ಟೆ ಅಂತ ಇಂಗ್ಲಿಷಲ್ಲಿ ಹೇಳು."

ಆಮೇಲೆ ಬೋರ್ಡಿನ ತನಕ ನಡೆದು ಮೇಷ್ಟ್ರ ಮುಂದೆ ಅಂಗೈ ಚಾಚಿದರು. ಅವನು ಭಾವನ ಮುಖ ನೋಡಿದ. ಭಾವ ನೆಲ ನೋಡುತ್ತಿದ್ದ. ಬೇರೆ ದಾರಿ ಕಾಣದೆ ಚಾಕ್‌ಪೀಸನ್ನು ಅವರ ಅಂಗೈಗೆ ಹಾಕಿದ.

"ಅತ್ತಿಗೆ, ನಾಳೆ ಕೂತು ಮಾತಾಡೋಣ," ಎಂದ ಮೈದುನ.

"ನಾಳೆ ನಂಗೆ ಪಾಠ ಇದೆ. ಬಾಗಿಲು ಎಳ್ಕೊಂಡು ಹೋಗು."