ತಟ್ಟೆಯ ಮೇಲಿನ ತೊಗರಿ

೨೦೨೪ ಜೂನ್ ೧೦, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಕಲಬುರಗಿಯ ಧಾನ್ಯಪೇಟೆ ನೆಹರು ಗಂಜ್‌ನ ಒಂದು ದಾಲ್ ಮಿಲ್ಲಿನಲ್ಲಿ ಉಮ್ಮೆ ಹಾನಿ ಕುರ್ಚಿಯ ತುದಿಗೆ ಕೂತಿದ್ದಳು. ಮಿಲ್ಲಿನ ಲ್ಯಾಬಿಗೆ ಒಬ್ಬ ಸಹಾಯಕಿ ಬೇಕಾಗಿತ್ತು. ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ ಎರಡು ವರ್ಷವಾಗಿದ್ದ ಅವಳಿಗೆ ಇದು ನಾಲ್ಕನೆಯ ಸಂದರ್ಶನ. ಹಿಂದಿನ ಮೂರರಲ್ಲೂ ಬಾಯಿಂದ ಮಾತೇ ಹೊರಟಿರಲಿಲ್ಲ. ಇದೂ ಕೈತಪ್ಪಿದರೆ ಕಮಲಾಪುರದ ಸೋದರತ್ತೆಯ ಹೊಲಿಗೆ ಅಂಗಡಿಯಲ್ಲಿ ಕಾಜಾ ಹಾಕುತ್ತ ಕೂರುವುದೇ.

ಬೆಳಿಗ್ಗೆ ಬಸ್ಸು ಹತ್ತಿಸಲು ಬಂದಿದ್ದ ಅಣ್ಣ ನದೀಮ್, “ನೈ ಮಾಲೂಮ್ ಬೋಲ್ ನಕ್ಕೋ” ಎಂದಿದ್ದ. ಗೊತ್ತಿಲ್ಲ ಅನ್ನಬಾರದು, ಕೇಳಿದ ಕೂಡಲೇ ಉತ್ತರ ಕೊಡಬೇಕು, ತಪ್ಪಿದರೂ ಒಪ್ಪಿಕೊಳ್ಳಬಾರದು. ಅವನು ಏಳು ಸಂದರ್ಶನ ಕಂಡವನು. ಏಳರಲ್ಲೂ ಫೇಲಾಗಿದ್ದ.

ಮಿಲ್ಲಿನ ಮಾಲೀಕ ಅಣವೀರಪ್ಪ ಒಂದು ಸ್ಟೀಲ್ ತಟ್ಟೆಯನ್ನು ಅವಳ ಮುಂದೆ ಸರಿಸಿದರು. ಅದರ ತುಂಬ ತೊಗರಿ. ಪಕ್ಕದಲ್ಲಿ ಅದೇ ತೊಗರಿಯ ಬಾಯಿ ಕಟ್ಟಿದ ಪಾಕೀಟು, ತೇವ ಅಳೆಯುವ ಮೀಟರು.

“ಇದರಾಗ ತೇವ ಎಷ್ಟದ, ಹೇಳು ತಂಗಿ.”

ಉಮ್ಮೆ ಹಾನಿ ಒಂದು ಕಾಳು ತೆಗೆದು ಹಲ್ಲಿನಡಿ ಇಟ್ಟು ಕಟ್ಟೆಂದು ಕಡಿದಳು. “ಹನ್ನೊಂದು ಪರ್ಸೆಂಟ್ ರೀ.”

ಅಣವೀರಪ್ಪ ನಕ್ಕರು. “ಹಲ್ಲಾಗೇ ಮೀಟರ್ ಇಟ್ಕೊಂಡೀ. ಯಾರ ಕಲಿಸ್ಯಾರ?”

“ನಮ್ಮ ದಾದಾ ರೀ, ಅಪ್ಪಾರ ಅಪ್ಪ, ಕರೀಂಸಾಬ್. ಇದೇ ಗಂಜ್‌ನ್ಯಾಗ ಮೂವತ್ತ ವರ್ಷ ದಲಾಲಿ ಅಂಗಡಿಗೆ ಕಾಳಿನ ತೇವ ನೋಡ್ತಿದ್ರು.”

ಪಕ್ಕದಲ್ಲಿ ಕೂತಿದ್ದ ಲ್ಯಾಬಿನ ಮುಖ್ಯಸ್ಥೆ ಸೃಷ್ಟಿ ನಗಲಿಲ್ಲ. “ಈ ಮಾಲಿನ ಗೋದಾಮಿನ್ಯಾಗ ಹುಳ ಕೊಲ್ಲೋ ವಿಷದ ಗುಳಿಗಿ ಇಟ್ಟಿದ್ರ? ಕೇಳಿದ್ಯಾ?”

ಉಮ್ಮೆ ಹಾನಿಯ ಕಾಲೇಜಿನ ಲ್ಯಾಬಿನ ಬಾಗಿಲಲ್ಲೇ ಬರೆದಿದ್ದ ಮೊದಲ ನಿಯಮ: ಯಾವುದನ್ನೂ ಬಾಯಿಗೆ ಹಾಕಬೇಡಿ. ಮೂರು ವರ್ಷ ಅದನ್ನು ದಾಟಿಯೇ ಒಳಗೆ ಹೋಗಿದ್ದಳು. ನದೀಮನ ಮಾತೂ ನೆನಪಾಯಿತು. ಅವಳು ಕರವಸ್ತ್ರ ತೆಗೆದು ಕಾಳಿನ ಚೂರನ್ನು ಉಗಿದಳು.

“ತಪ್ಪಾತ್ರಿ ಮೇಡಂ. ಕೇಳಲಿಲ್ಲ. ಈಗ ಮೀಟರ್ ಹಚ್ಚಿ ನೋಡ್ಲೇನ್ರಿ?”

ಸೃಷ್ಟಿ ತಲೆಯಾಡಿಸಿದಳು. ಉಮ್ಮೆ ಹಾನಿ ತಟ್ಟೆಯತ್ತ ಕೈ ಚಾಚಿ ಅರ್ಧಕ್ಕೇ ನಿಲ್ಲಿಸಿದಳು. ಮೇಲೆ ಫ್ಯಾನು ಜೋರಾಗಿ ತಿರುಗುತ್ತಿತ್ತು.

“ಈ ತಟ್ಟಿ ಯಾವಾಗಿಂದ ಇಲ್ಲಿ ಅದರೀ?”

“ನಿನ್ನೆ ಸಂಜಿಯಿಂದ,” ಎಂದಳು ಸೃಷ್ಟಿ.

ಅವಳು ತಟ್ಟೆಯನ್ನು ಬದಿಗಿಟ್ಟು ಪಾಕೀಟು ಬಿಚ್ಚಿದಳು. ಮೂರು ಸಲ ತುಂಬಿ ಮೂರು ಸಲ ಅಳೆದಳು: ೧೩.೧, ೧೩.೪, ೧೩.೧.

“ಹಲ್ಲು ಹನ್ನೊಂದು ಅಂದಿತ್ತಲ್ಲ?” ಅಣವೀರಪ್ಪ ಕೆಣಕಿದರು. “ಮೀಟರ್ ಕೆಟ್ಟಿರಬೇಕು ಬಿಡು.”

ಹೌದೆಂದರೆ ಮಾನ ಉಳಿಯುತ್ತಿತ್ತು.

“ಮೀಟರ್ ಸರಿ ಅದರೀ ಸಾವ್ಕಾರ್ರೇ. ತಟ್ಟಿ ಕಾಳು ಗಾಳಿಗೆ ಒಣಗ್ಯಾವ. ದಾದಾ ಚೀಲದ ಹೊಟ್ಟಿಗೆ ಕೈ ಹಾಕಿ ಕಾಳು ತೆಗೀತಿದ್ರು, ಮ್ಯಾಲಿಂದು ಎಂದೂ ಮುಟ್ಟತಿರಲಿಲ್ಲ. ನಾ ಕಾಲೇಜಿಂದೂ ಮರೆತೆ, ಅವರದೂ ಮರೆತೆ.”

ಸೃಷ್ಟಿ ಅಣವೀರಪ್ಪನವರನ್ನು ನೋಡಿದಳು. “ಮುಂಜಾನಿಂದ ಐದು ಮಂದಿ ಬಂದ್ರು ರೀ. ಐದೂ ಮಂದಿ ತಟ್ಟೀದೇ ಮೀಟರಿಗೆ ಹಾಕಿದ್ರು.”

“ಬುಧವಾರದಿಂದ ಬಾ,” ಎಂದರು ಅಣವೀರಪ್ಪ. “ನಾಷ್ಟಾ ಮನ್ಯಾಗೇ ಮಾಡ್ಕೊಂಡು ಬಾ. ನಮ್ಮ ತೊಗರಿ ತಿನ್ನಬ್ಯಾಡ.”

ಸೃಷ್ಟಿ ಒಂದು ಚೀಟಿ ಕೊಟ್ಟಳು. ಉಮ್ಮೆ ಹಾನಿ ಸರಾಸರಿ ತೆಗೆದು ಬರೆದು, ಕೆಳಗೆ ಸಹಿ ಹಾಕಿದಳು: ತೇವಾಂಶ, ಶೇಕಡ ೧೩.೨.