ಸರಿ ಎನ್ನದ ಬೆಳಗು

ಮೊಳೆ ತನ್ನ ಭಾವನಿಗೆ ಎರಡು ಮಾತು ಕೊಟ್ಟಿದ್ದ. ಕೊಟ್ಟು ಬಹಳ ವರ್ಷಗಳಾಗಿದ್ದವು. ಆಸ್ಪತ್ರೆಯ ಹೊರಗಿನ ಕಬ್ಬಿಣದ ಬೆಂಚಿನ ಮೇಲೆ, ಇಬ್ಬರ ನಡುವೆ ಮಾತ್ರೆಯ ಪೊಟ್ಟಣ ಇಟ್ಟುಕೊಂಡು ಕೂತಿದ್ದಾಗ ಕೊಟ್ಟದ್ದು.

"ಮುಂದೆ ಯಾವತ್ತಾದ್ರೂ ನಾನು ಮತ್ತೆ ಹೀಗಾದ್ರೆ, ನೀನು ನನಗೆ ಸರಿ ಅನ್ನಬಾರದು" ಎಂದಿದ್ದರು ಭಾವ. "ಬೈತೀನಿ. ಕೈ ಎತ್ತಿದ್ರೂ ಎತ್ತಬಹುದು. ಆದ್ರೂ ಅನ್ನಬಾರದು."

"ಅನ್ನಲ್ಲ."

"ಎರಡನೇದು, ನಿಮ್ಮಕ್ಕನಿಗೆ ಹೇಳಬಾರದು."

"ಹೇಳಲ್ಲ."

ಆ ಸಲ ಭಾವ ಒಂದಿಡೀ ಮಳೆಗಾಲ ಹಾಸಿಗೆ ಹಿಡಿದಿದ್ದರು. ಅಕ್ಕನೂ ಸೇರಿದಂತೆ ಎಲ್ಲರಿಗೂ ಹೇಳಿದ್ದು ಬೆನ್ನು ನೋವು ಎಂದು. ನಿಜ ಗೊತ್ತಿದ್ದದ್ದು ಡಾಕ್ಟರಿಗೆ, ಬಿಟ್ಟರೆ ಮೊಳೆಗೆ. ಕಾರಣ ಏನು ಎಂದು ಮೊಳೆ ಕೇಳಿದ್ದಕ್ಕೆ ಭಾವ, "ಕಾರಣ ಅಂತ ಒಂದಿದ್ದಿದ್ರೆ ಕುತ್ತಿಗೆ ಹಿಡಿದು ಆಚೆ ತಳ್ತಿದ್ದೆನಲ್ಲೋ. ಏನೂ ಇಲ್ಲ. ಹಗ್ಗದ ಮೇಲೆ ಕೂತಾಗ ಬರಬಾರದ ಯೋಚನೆ ಬಂತು, ಅಷ್ಟೇ" ಎಂದಿದ್ದರು.

ಎತ್ತರದ ಕಟ್ಟಡಗಳ ಗಾಜು ಒರೆಸುವುದು ಅವರಿಬ್ಬರ ಕೆಲಸ. ತಾರಸಿಯಿಂದ ಹಗ್ಗ ಇಳಿಬಿಟ್ಟು, ಸೊಂಟಕ್ಕೂ ತೊಡೆಗೂ ಬೆಲ್ಟು ಬಿಗಿದು, ಒಂದು ಹಲಗೆಯ ಮೇಲೆ ಕೂತು ಗೋಡೆಗುಂಟ ಇಳಿಯಬೇಕು. ಇಳಿಯುವ ಮೊದಲು ಜೊತೆಯವನು ಬೆಲ್ಟು, ಕೊಕ್ಕೆ, ಗಂಟು ಎಲ್ಲವನ್ನೂ ಮುಟ್ಟಿ ನೋಡಿ, ಭುಜಕ್ಕೊಂದು ಏಟು ಕೊಟ್ಟು "ಸರಿ" ಎನ್ನಬೇಕು. ಆ ಒಂದು ಮಾತು ಬೀಳದೆ ಯಾರೂ ಅಂಚಿನ ಗೋಡೆ ದಾಟುವಂತಿಲ್ಲ. ಮೇಸ್ತ್ರಿ ಹೇಳಿದರೂ ಇಲ್ಲ, ಕಟ್ಟಡದ ಯಜಮಾನನೇ ಬಂದು ನಿಂತರೂ ಇಲ್ಲ.

ಮೊಳೆಗೆ ಕೆಲಸ ಕಲಿಸಿದವರು ಭಾವ. ಹೆಸರಿಟ್ಟವರೂ ಅವರೇ. "ನೋಡೋಕೆ ಇಷ್ಟೇ ಇಷ್ಟು, ಹೊಡೆದ ಜಾಗದಿಂದ ಮಾತ್ರ ಅಲ್ಲಾಡಲ್ಲ" ಎಂದು ಎಲ್ಲರ ಮುಂದೆ ಹೇಳಿ ನಗುತ್ತಿದ್ದರು. ತಪಾಸಣೆ ಮಾಡುವಾಗಂತೂ ಅವರ ಬಾಯಿಗೆ ಬಿಡುವೇ ಇರಲಿಲ್ಲ. "ಲೋ, ಬೆಲ್ಟು ಕಟ್ಟಿದ್ದೀಯೋ, ಒಗೆದ ಬಟ್ಟೆ ಒಣಗ ಹಾಕಿದ್ದೀಯೋ? ನೀನು ಬಿದ್ರೆ ನಿಮ್ಮಕ್ಕ ನನಗೆ ಊಟ ಹಾಕಲ್ಲ. ಅದಕ್ಕೆ ನೋಡ್ತಿದ್ದೀನಿ, ಪ್ರೀತಿಗಲ್ಲ."

ಈ ಸಲ ಮೊದಲು ನಿಂತದ್ದು ಆ ಬೈಗುಳ. ಭಾವ ಮೊಳೆಯ ಬೆಲ್ಟನ್ನು ಸದ್ದಿಲ್ಲದೆ ಮುಟ್ಟಿ ನೋಡಿ, ಭುಜ ತಟ್ಟಿ "ಸರಿ" ಎಂದಷ್ಟೇ ಹೇಳತೊಡಗಿದರು. ವಯಸ್ಸಾಯಿತೇನೋ ಎಂದುಕೊಂಡ ಮೊಳೆ.

ಆಮೇಲೆ ಬೆಲ್ಟಿನ ತುದಿ. ಪಟ್ಟಿಯನ್ನು ಬಕಲಿನಲ್ಲಿ ತೂರಿಸಿದ ಮೇಲೆ ತುದಿಯನ್ನು ತಿರುಗಿಸಿ ಮತ್ತೊಮ್ಮೆ ತೂರಿಸಬೇಕು; ಇಲ್ಲದಿದ್ದರೆ ಭಾರ ಬಿದ್ದಾಗ ಜಾರುತ್ತದೆ. ಹೊಸಬರು ಮರೆತರೆ ಭಾವ ಅದೇ ತುದಿಯಿಂದ ಅವರ ಕಿವಿಗೆ ಹೊಡೆಯುತ್ತಿದ್ದರು. ಈಗ ಅವರದೇ ಬೆಲ್ಟಿನ ತುದಿ ನೇತಾಡುತ್ತಿತ್ತು. ಮೊಳೆ ತಾನೇ ತೂರಿಸಿ "ಸರಿ" ಎಂದ. ಮರುದಿನ ಮತ್ತೆ ನೇತಾಡುತ್ತಿತ್ತು. ಅವತ್ತೂ ತೂರಿಸಿದ, ಅವತ್ತೂ "ಸರಿ" ಎಂದ. ಕೊಟ್ಟ ಮಾತು ಅವನಿಗೆ ನೆನಪಿರಲಿಲ್ಲವೆಂದಲ್ಲ. ನೆನಪಿಸಿಕೊಂಡರೆ ನಿಜವಾಗಿಬಿಡುತ್ತದೆ ಎಂಬ ಹೆದರಿಕೆ.

ಅದೇ ದಿನ ಕೆಲಸ ಮುಗಿದ ಮೇಲೆ ಭಾವ ತಮ್ಮ ಮರದ ಹಿಡಿಯ ರಬ್ಬರ್ ಪಟ್ಟಿಯನ್ನು ಒರೆಸಿ ಮೊಳೆಯ ಕೈಗಿಟ್ಟರು. ಗಾಜಿನ ಮೇಲಿನ ನೀರನ್ನು ಒಂದೇ ಎಳೆತಕ್ಕೆ ಇಳಿಸುವ ಪಟ್ಟಿ ಅದು. ಅದನ್ನು ಮುಟ್ಟಿದವರ ಜೊತೆ ವಾರಗಟ್ಟಲೆ ಮಾತು ಬಿಡುತ್ತಿದ್ದ ಮನುಷ್ಯ ಇವರು.

"ನಿನ್ನ ಹತ್ರ ಇರ್ಲಿ" ಎಂದರು.

"ನಿಮಗೆ?"

"ನನಗೇನು."

ಬಸ್ ನಿಲ್ದಾಣದಲ್ಲಿ ನಿಂತು ಮೊಳೆ ಅಕ್ಕನಿಗೆ ಫೋನ್ ಮಾಡಿದ. ಸುಮ್ಮನೆ ಮಾಡಿದೆ ಎಂದ.

"ನಿಮ್ಮ ಭಾವನಿಗೆ ಏನು ಔಷಧಿ ಕುಡಿಸಿದ್ಯೋ?" ಅಕ್ಕ ಖುಷಿಯಲ್ಲಿದ್ದಳು. "ಜಗಳಾನೇ ಇಲ್ಲ ಈಗ. ವರ್ಷದಿಂದ ಸೋರ್ತಿದ್ದ ನಲ್ಲಿ ರಿಪೇರಿ ಮಾಡಿದ್ರು. ಕಪಾಟು ಖಾಲಿ ಮಾಡಿ, ಬಟ್ಟೆಯೆಲ್ಲ ಯಾರಿಗೋ ಕೊಟ್ಟುಬಂದ್ರು. ಸಂತ ಆಗ್ಬಿಟ್ಟಿದ್ದಾರೆ ಮಾರಾಯ."

ಬಸ್ಸು ಬಂತು, ಹೋಯಿತು. ಮೊಳೆ ಹತ್ತಲಿಲ್ಲ. ಕೈಯಲ್ಲಿದ್ದ ಮರದ ಹಿಡಿಯನ್ನು ಬಿಗಿಯಾಗಿ ಹಿಡಿದು ನಿಂತೇ ಇದ್ದ.

ಮರುದಿನ ಬೆಳಗ್ಗೆ ತಾರಸಿಯಲ್ಲಿ ಗಾಳಿ ಇರಲಿಲ್ಲ, ಬಿಸಿಲು ಹದವಾಗಿತ್ತು. ಭಾವ ಬೆಲ್ಟು ಕಟ್ಟಿಕೊಂಡು ಅಂಚಿನ ಗೋಡೆಯ ಹತ್ತಿರ ಬಂದು ನಿಂತರು. ಮೊಳೆ ಬಗ್ಗಿ ನೋಡಿದ. ತುದಿ ತಿರುಗಿಸಿ ತೂರಿಸಿತ್ತು. ಕೊಕ್ಕೆ ಬಿದ್ದಿತ್ತು. ಗಂಟುಗಳು ಬಿಗಿಯಾಗಿದ್ದವು. ಒಂದಾದರೂ ತಪ್ಪು ಸಿಗಲೆಂದು ಎಲ್ಲವನ್ನೂ ಮತ್ತೆ ಮುಟ್ಟಿ ನೋಡಿದ. ಎಲ್ಲವೂ ಸರಿಯಾಗಿಯೇ ಇದ್ದವು.

ಅವನು ನೆಟ್ಟಗೆ ನಿಂತ. ಕೈ ಎತ್ತಲಿಲ್ಲ.

"ಏನೋ?" ಎಂದರು ಭಾವ.

"ಇಲ್ಲ ಭಾವ."

"ಏನು ಇಲ್ಲ? ಏನು ತಪ್ಪಿದೆ ತೋರಿಸು."

"ಬೆಲ್ಟಲ್ಲಿ ಏನೂ ತಪ್ಪಿಲ್ಲ."

ಭಾವನ ಮುಖ ಗಟ್ಟಿಯಾಯಿತು. "ಬೆಲ್ಟು ಯಾವ ಕಡೆಯಿಂದ ಹಾಕ್ಕೊಳ್ಳೋದು ಅಂತ ಗೊತ್ತಿರಲಿಲ್ಲ ನಿನಗೆ. ಕಲಿಸಿದವನು ನಾನು. ನನಗೇ ಅಡ್ಡ ಹಾಕ್ತೀಯ?"

"ಹಾಕ್ತೀನಿ."

"ನಿನ್ನ ಕೆಲಸ ಹೋಗುತ್ತೆ ನೋಡು."

"ಹೋಗ್ಲಿ."

ಮೇಸ್ತ್ರಿ ದೂರದಿಂದ ಕೂಗಿದ. "ಅಲ್ಲಯ್ಯಾ, ಭಾವ ಬಾಮೈದನ ಜಗಳ ಮನೇಲಿಟ್ಟು ಬರೋಕಾಗಲ್ವಾ? ಬಿಸಿಲು ಏರಿದ್ರೆ ಗಾಜಲ್ಲಿ ಕಲೆ ನಿಲ್ಲುತ್ತೆ, ಆಮೇಲೆ ಬೈಸಿಕೊಳ್ಳೋನು ನಾನು."

"ಇವರಿಗೆ ನಾನು ಸರಿ ಅನ್ನಲ್ಲ ಮೇಸ್ತ್ರಿ" ಎಂದ ಮೊಳೆ. ಮೇಸ್ತ್ರಿ ಹತ್ತಿರ ಬಂದು, ಒಬ್ಬರ ಮುಖ ನೋಡಿ, ಇನ್ನೊಬ್ಬರ ಮುಖ ನೋಡಿ, ಹಗ್ಗ ಮೇಲಕ್ಕೆಳೆಯತೊಡಗಿದ.

ಭಾವ ಮೊಳೆಯ ಕೊರಳಪಟ್ಟಿ ಹಿಡಿದರು. ಕೈ ಎತ್ತಿದರು. ಏಟು ಬೀಳಲಿಲ್ಲ. ಹಿಂದೆ ಬೆಂಚಿನ ಮೇಲೆ ಹೇಳಿದ್ದಂತೆಯೇ ಎಲ್ಲ ನಡೆಯುತ್ತಿತ್ತು. ಮೊಳೆಗೆ ಅದರಿಂದಲೇ ಧೈರ್ಯ ಬಂತು.

"ಭಾವ, ನೇರವಾಗಿ ಕೇಳ್ತೀನಿ. ಸಾಯೋ ಯೋಚನೆ ಬರ್ತಿದೆಯಾ?"

ಭಾವ ಕೈ ಬಿಟ್ಟರು. ಹಗ್ಗದ ಸುರುಳಿಯ ಮೇಲೆ ಕುಸಿದು ಕೂತರು.

"ಬೆಳಗ್ಗೆ ಹಲ್ಲುಜ್ಜೋದೂ ಬೆಟ್ಟ ಹತ್ತಿದ ಹಾಗಾಗುತ್ತೆ ಕಣೋ" ಎಂದರು. "ಮನೆಗೆ ಹೋದ್ರೆ ನಗಬೇಕು. ಇಲ್ಲಿಗೆ ಬಂದ್ರೆ ಬೈಬೇಕು. ಎರಡಕ್ಕೂ ಕೈಲಾಗ್ತಿಲ್ಲ."

"ಡಾಕ್ಟರ ಹತ್ರ ಹೋಗೋಣ. ಹೋದ್ಸಲ ಎದ್ದು ಬಂದ್ರಲ್ಲ ನೀವು."

"ನೀನೂ ನಾನೂ ಹೋಗೋಣ. ನಿಮ್ಮಕ್ಕನಿಗೆ ಬೇಡ. ಮಾತು ಕೊಟ್ಟಿದ್ದೀಯ."

"ಕೊಟ್ಟಿದ್ದೆ" ಎಂದ ಮೊಳೆ. ಹಗಲು ತಾರಸಿಯಲ್ಲೇನೋ ತಾನಿರುತ್ತಾನೆ. ನಲ್ಲಿ ರಿಪೇರಿಯಾದ, ಕಪಾಟು ಖಾಲಿಯಾದ ಆ ಮನೆಯಲ್ಲಿ ಇವರನ್ನು ನೋಡಿಕೊಳ್ಳುವವರು ಯಾರು? ಭಾವನ ಎದುರಿಗೇ ಫೋನ್ ತೆಗೆದ. ಭಾವ ಕಿತ್ತುಕೊಳ್ಳಲು ಕೈ ಚಾಚಿದರು. ಮೊಳೆ ಆ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡೇ ಮಾತಾಡಿದ.

"ಅಕ್ಕ, ಭಾವನಿಗೆ ಹುಷಾರಿಲ್ಲ. ಬೆನ್ನಲ್ಲ, ಮನಸ್ಸು. ಆವತ್ತೂ ಬೆನ್ನಲ್ಲ."

"ಈಗ ಎಲ್ಲಿದ್ದಾರೆ?" ಎಂದಳು ಅಕ್ಕ.

"ತಾರಸಿಯಲ್ಲಿ, ನನ್ನ ಪಕ್ಕದಲ್ಲೇ ಕೂತಿದ್ದಾರೆ."

"ಏಳೋಕೆ ಬಿಡಬೇಡ. ಬಂದೆ."

ಅಕ್ಕ ಲಿಫ್ಟಿನಿಂದ ಇಳಿದು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ತಾರಸಿಗೆ ಬಂದಳು. ಗಂಡನ ಪಕ್ಕ ಹಗ್ಗದ ಮೇಲೆ ಕೂತು ಮೊದಲು ಅವರ ಬೆಲ್ಟು ಬಿಚ್ಚಿದಳು. ಬಕಲು ಗೊತ್ತಿಲ್ಲದ ಬೆರಳುಗಳು ತಡಕಾಡಿದವು. ಬಿಚ್ಚಿ ಪಕ್ಕಕ್ಕಿಟ್ಟ ಮೇಲೆ ಹೇಳಿದಳು.

"ಒಂದು ಮಳೆಗಾಲ ಪೂರ್ತಿ ನಿಮ್ಮ ಬೆನ್ನಿಗೆ ಎಣ್ಣೆ ತಿಕ್ಕಿದ್ದೀನಿ ನಾನು. ನನ್ನ ಹೆಬ್ಬೆರಳು ಇನ್ನೂ ನೋಯುತ್ತೆ. ಒಂದು ಮಾತು ಹೇಳೋಕೆ ಏನಾಗಿತ್ತು?"

ಭಾವ ನಗಲು ಹೋದರು. ಅದು ಅಳುವಾಯಿತು. ಅಕ್ಕ ಅಳು ನಿಲ್ಲಿಸಿ ಎನ್ನಲಿಲ್ಲ. ಅವರ ಬೆನ್ನ ಮೇಲೆ ಕೈಯಿಟ್ಟು ಕೂತಳು. ಅವರು ಏಳುವವರೆಗೆ ಮೊಳೆ ಅಂಚಿನ ಗೋಡೆಗೂ ಅವರಿಗೂ ನಡುವೆ ನಿಂತಿದ್ದ. ಆಮೇಲೆ ಮೂವರೂ ಲಿಫ್ಟಿನಲ್ಲಿ ಇಳಿದು ಆಸ್ಪತ್ರೆಗೆ ಹೋದರು.

ಮೊಳೆ ಕೊಟ್ಟ ಎರಡು ಮಾತುಗಳಲ್ಲಿ ಒಂದನ್ನು ಉಳಿಸಿಕೊಂಡ. ಇನ್ನೊಂದನ್ನು ಮುರಿದ.